ಕ್ರಮವಿಲ್ಲ

ಜೋನೆಬೆರ್ಗ್ ಗುಡ್ಡದ ಮೇಲೆ, ಗಾಜುಫಲಕಗಳ ಕೋಣೆಯಲ್ಲಿ
ರೋಸ್ವಿತಾ ಎರಡು ರಾತ್ರಿಗಳನ್ನು ಅಕ್ಕಪಕ್ಕ ಇಟ್ಟು
ಸನ್ನೆ ಒತ್ತಿದಳು: ಟಕ್, ಟಕ್.
ಚುಕ್ಕಿಗಳೆಲ್ಲ ತೆಪ್ಪಗೆ. ಒಂದು ಮಾತ್ರ
ಉಬ್ಬಿತು, ಕುಗ್ಗಿತು.

ಕೆಳಗೆ, ಕಾರ್ಖಾನೆಯಲ್ಲಿ, ಅವಳಮ್ಮ
ಬೊಂಬೆಗಳಿಗೆ ಕಣ್ಣು ಬರೆಯುತ್ತಿದ್ದಳು,
ದಿನಕ್ಕೆ ಮುನ್ನೂರು ಜೊತೆ. ಒಂದೂ ರೆಪ್ಪೆ ಬಡಿದದ್ದಿಲ್ಲ.

ಚೀಟಿಯಲ್ಲಿ ಬರೆದಳು: ನಕ್ಷತ್ರ. ಹೊಳಪು ಏರಿಳಿಯುತ್ತದೆ. ಕ್ರಮವಿಲ್ಲ.

ಹನ್ನೊಂದು ವರ್ಷದ ಮೇಲೆ ಕಾಗದ ಬಂತು:
ಅದು ನಕ್ಷತ್ರವಲ್ಲ,
ದೂರದ ಗ್ಯಾಲಕ್ಸಿಯೊಂದರ ಒಡಲು; ನಟ್ಟನಡುವೆ ಕಪ್ಪುಕುಳಿ,
ಸಿಕ್ಕಾಗ ಸಿಕ್ಕಷ್ಟು ನುಂಗುತ್ತದೆ,
ನುಂಗುವಾಗ ಸುತ್ತಲೂ ಬೆಳಗುತ್ತದೆ.
ಸುದ್ದಿ ಮುಟ್ಟಲು ತೊಂಬತ್ತು ಕೋಟಿ ವರ್ಷ.

ರಬ್ಬರು ಹಿಡಿದು 'ನಕ್ಷತ್ರ' ಅಳಿಸಿದಳು.
'ಕ್ರಮವಿಲ್ಲ' ಇರಲಿ ಎಂದು ಬಿಟ್ಟಳು.
ಯುದ್ಧ ಮುಗಿದ ಆ ಚಳಿಗಾಲ ನೆನಪಾಯಿತು:
ಬಟಾಟೆ ಸಿಕ್ಕ ಸಂಜೆ ಅಮ್ಮ ಹಾಡುತ್ತಿದ್ದಳು.
ಯಾವ ಸಂಜೆ ಅಂತ ಹೇಳುವಂತಿರಲಿಲ್ಲ.