ಸಾಲು ನಲವತ್ತೊಂದು

ಶಿಡ್ಲಘಟ್ಟದಲ್ಲಿ ರಾತ್ರಿ ಒಂಬತ್ತಕ್ಕೆ
ಖಲೀಲ್ ಸಾಹೇಬರ ನೂಲು ಬಿಚ್ಚುವ ಯೂನಿಟ್ಟಿನಿಂದ ಫೋನು:
ಮೂರನೇ ಬೇಸಿನ್ನಿನ ಕಾವು ಇಳೀತಾನೇ ಇಲ್ಲ,
ಹೆಂಗಸರು ಕೈ ಹಾಕೋ ಹಾಗಿಲ್ಲ,
ಬಾರಮ್ಮ ಬೇಗ.

ಹೋದೆ. ಹಬೆ. ಬೆಂದ ಹುಳುವಿನ ವಾಸನೆ.
ಗೋಡೆಗೆ ತಿರುಪು ಬಿಗಿದ ಪೆಟ್ಟಿಗೆಯೊಳಗೆ
ಉಗುರಿನಷ್ಟು ಚಿಪ್ಪು, ಮಾತು ಬಿಟ್ಟು ಕೂತಿದೆ.
ಮಗುಚಿಟ್ಟ ಕ್ರೇಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು
ಪ್ರೋಬ್ ಚುಚ್ಚಿ ಕೇಳಿದೆ: ಏನಾಯ್ತು?
ಪರದೆ ಅಂದಿತು: ಟಾರ್ಗೆಟ್ ಸಿಗಲಿಲ್ಲ.
ಮತ್ತೆ ಕೇಳಿದೆ. ಸಿಗಲಿಲ್ಲ.

ನನ್ನ ಹತ್ತಿರ ಇದ್ದದ್ದು ವೆಂಕಟರವಣ ಬಿಟ್ಟುಹೋದ ಫೈಲು.
ಹೆಸರು: ಫೈನಲ್-ಎರಡು-ಹೊಸದು-ಇದೇ-ಸರಿ.
ಪಕ್ಕದಲ್ಲೇ ಇನ್ನೊಂದು: ಇದೇ-ಸರಿ-ಹಳೇದು.
ಒಳಗೆ ಅರವತ್ತು ಸಾಲು, ಸಂತೆ ದಿನದ ಬಸ್ಸಿನ ಹಾಗೆ,
ಯಾರ ಕಾಲು ಯಾರದೋ.
ಪ್ರೋಬಿನ ಮಾತು ಚಿಪ್ಪಿನ ಮಾತಿನೊಳಗೆ,
ಬೋರ್ಡಿನ ಪಿನ್ನು ಇನ್ನೆಲ್ಲೋ,
ವೇಗ ಮೂರು ಕಡೆ, ಮೂರೂ ಬೇರೆ ಬೇರೆ.
ಕೊನೆಗೆ ಬರೆದದ್ದು ಗೆಲ್ಲುತ್ತದೆ, ಅದು ನಿಯಮ.
ಕೊನೆಗೆ ಬರೆದವನು ಹೇಳದೆ ಹೋಗುತ್ತಾನೆ, ಅದೂ.

ನಾಲ್ಕು ಸಾವಿರ ಅಂತಿತ್ತು. ನಾನೂರಕ್ಕೆ ಇಳಿಸಿದೆ.
ನೂರೈವತ್ತಕ್ಕೆ.
ಚಿಪ್ಪು ಕಣ್ಣು ಬಿಟ್ಟಿತು.
ಕಾವಿನ ಮಿತಿ ಎಂಬತ್ತಕ್ಕೆ ಹಾರಿತ್ತು; ನಲವತ್ತೆರಡು ಮಾಡಿದೆ.
ಆಗ ಕಂಡಿತು ವೈರು: ಒಂದೂವರೆ ಮೊಳ,
ಹಬೆಗೆ ದೂರ ಕೂತು ಕೆಲಸ ಮಾಡಲೆಂದು
ರವಣನೇ ಬೆಸೆದು ಉದ್ದ ಮಾಡಿದ್ದು.
ಇಲ್ಲಿಗೆ ಬಂದಾಗಲೆಲ್ಲ ವೇಗ ಇಳಿಸಿ,
ಅಂಗಡಿಗೆ ಹೋಗಿ ಮತ್ತೆ ಏರಿಸಿ,
ಆ ಮೊಳದ ಲೆಕ್ಕ ತಲೆಯಲ್ಲೇ ಇಟ್ಟುಕೊಂಡು
ಈಗ ಚಿಂತಾಮಣಿಯಲ್ಲಿ ಟೊಮೆಟೊ ಲಾರಿ ಓಡಿಸುತ್ತಾನೆ.

ಭಾನುವಾರ ಅಂಗಡಿಯ ಶಟರು ಅರ್ಧ ಎಳೆದುಕೊಂಡು
ಫೈಲನ್ನು ಮೂರು ಮಾಡಿದೆ.
ಕೈಯಲ್ಲಿ ಹಿಡಿಯುವ ಪ್ರೋಬಿಗೆ ಒಂದು,
ಚಿಪ್ಪಿಗೆ ಒಂದು,
ಗೋಡೆಯ ಬೋರ್ಡಿಗೆ ಒಂದು;
ಅದು ಉಳಿದೆರಡನ್ನು ಹೆಸರು ಹಿಡಿದು ಕರೆಯುತ್ತದೆ.
ಬೇಸಿನ್-ಕಾವು-ಬೋರ್ಡ್ ಅಂತ ಇಟ್ಟೆ, ಅಷ್ಟೇ.
ಹೊಸದು ಅನ್ನುವುದು ಹೆಸರಲ್ಲ,
ನಾಳೆ ಬೆಳಗಾದರೆ ಸುಳ್ಳು.

ವೇಗದ ಪಕ್ಕ "ಇದು ವೇಗ" ಎಂದು ಬರೆದು ಅಳಿಸಿದೆ.
ಅದು ಯಾರಿಗಾದರೂ ಕಾಣುತ್ತದೆ.
ಉಳಿಸಿದ್ದು:
"ನೂರೈವತ್ತು, ಏಕೆಂದರೆ ವೈರು ಒಂದೂವರೆ ಮೊಳ.
ಮೋಟು ವೈರಾದರೆ ಏರಿಸಿ ನೋಡಿ."
ರೀಸೆಟ್ಟಿನ ಪಕ್ಕ:
"ಚಿಪ್ಪನ್ನು ಇಲ್ಲಿ ನಿಲ್ಲಿಸಿದರೆ ಹೀಟರು ಉರಿಯುತ್ತಲೇ ಇರುತ್ತದೆ.
ಮೊದಲು ಗೋಡೆಯ ಸ್ವಿಚ್ಚು ಆರಿಸಿ.
ಬೇಸಿನ್ನಿನಲ್ಲಿ ಯಾರದಾದರೂ ಕೈ ಇರುತ್ತದೆ."

ಇದನ್ನು ಗೂಡು, ಎಳೆ, ತುದಿ ಅಂತೆಲ್ಲ ಹೋಲಿಸಬೇಡ
ಅಂದಳು ಮುಬೀನಾ, ಹದಿನೆಂಟು ವರ್ಷದಿಂದ
ಆ ನೀರಿನಲ್ಲಿ ಬೆರಳು ಬಿಳಿಚಿಕೊಂಡವಳು.
ಗೂಡಿನ ತುದಿ ಹುಳ ಬಚ್ಚಿಟ್ಟಿದ್ದಲ್ಲ.
ನಿಮ್ದು ಬಚ್ಚಿಟ್ಟಿದ್ದೇ.

ಉಳಿದದ್ದು ಹಳೆಯ ಫೈಲಿನ ಸಾಲು ನಲವತ್ತೊಂದು.
ಯಾವುದೋ ವಿಳಾಸಕ್ಕೆ ಯಾವುದೋ ಸಂಖ್ಯೆ.
ತೆಗೆದೆ, ಚಿಪ್ಪು ಏಳಲಿಲ್ಲ. ಹಾಕಿದೆ, ಎದ್ದಿತು.
ರವಣನಿಗೆ ಫೋನು ಮಾಡಿದೆ.
ಅತ್ತ ಕಡೆ ಹಾರನ್ನು, ಹರಾಜಿನ ಕೂಗು.
ಅದಾ? ನಂಗೂ ಗೊತ್ತಿಲ್ಲಮ್ಮ,
ನನಗಿಂತ ಮುಂಚಿನವನು ಬರೆದಿದ್ದ.
ಅವನ ಹೆಸರು?
ಸಣ್ಣಕ್ಕಿ ಅಂತಿದ್ರು. ದಿಟದ ಹೆಸರು ಕೇಳಿಲ್ಲ.

ಬರೆದೆ:
"ಈ ಸಾಲು ಏಕೆ ಬೇಕೋ ತಿಳಿಯದು.
ತೆಗೆದರೆ ಚಿಪ್ಪು ಏಳುವುದಿಲ್ಲ, ಎರಡು ಸಲ ನೋಡಿದ್ದೇನೆ.
ರವಣನಿಗೂ ತಿಳಿಯದು.
ತಿಳಿದವರು ಇದನ್ನು ಅಳಿಸಿ ಕಾರಣ ಬರೆಯಿರಿ.
ಚಂದ್ರಕಳಾ, ಜಂಗಮಕೋಟೆ ರಸ್ತೆ."