ಅಟ್ಟೆ

ಶ್ರೀರಾಮಪುರದ ಅರ್ಧ ಹೆಂಗಸರ ಅಳತೆ
ನನ್ನ ಕೊರಳ ಟೇಪಿಗೆ ಬಾಯಿಪಾಠ.
ಈಗ ಟೇಪು ಬೇರೆಯವರ ಕೈಯಲ್ಲಿ:
ಆಸ್ಪತ್ರೆ ಹಿಂದಿನ ವರ್ಕ್‌ಶಾಪಿನ ಇಮ್ತಿಯಾಜ್ ಭಾಯಿ
ತೊಡೆಯ ಸುತ್ತಳತೆ, ಮಂಡಿಯಿಂದ ಹರಡಿಗೆ, ಹಿಮ್ಮಡಿಯ ಅಗಲ,
ಕಿವಿಸಂದಿಯ ಪೆನ್ಸಿಲ್ ತೆಗೆದು ಬರೆದುಕೊಳ್ಳುತ್ತಾರೆ.
"ಅರ್ಧ ಇಂಚು ಸಡಿಲ ಬಿಡಿ" ಎಂದೆ, ಅಭ್ಯಾಸಬಲ.
"ಸಡಿಲ ಬಿಟ್ರೆ ಬೀಳ್ತೀರಮ್ಮ,
ಇದು ರವಿಕೆ ಅಲ್ಲ."

ರವಿಕೆಯೇ ಬೀಳಿಸಿದ್ದು ನನ್ನ.
ಮೂವತ್ತಾರರ ಸೈಜು, ಸಾಸಿವೆ ಬಣ್ಣ, ಹುಕ್ಕು ಹಚ್ಚುವುದೊಂದು ಬಾಕಿ.
ಕಾಫಿ ಚೆಲ್ಲಿತ್ತು, ತೊಳೆದು ತಾರಸಿಯಲ್ಲಿ ಹರವಿದ್ದೆ.
ಗಾಳಿಗೆ ಹಾರಿ ಪಕ್ಕದ ಮನೆ ಶೀಟಿನ ಅಂಚಿಗೆ ಕೂತಿತು.
ಕೈ ಚಾಚಿದೆ.
ಬೆನ್ನಹುರಿಯೆಂಬ ದಾರ ಎಲ್ಲಿ ಕಿತ್ತಿದೆಯೆಂದು
ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು.
ಹೊಕ್ಕುಳಿನ ಕೆಳಗೆ ನಾನಿಲ್ಲ.
ಗಂಟು ಹಾಕಲು ಬರುವುದಿಲ್ಲವಂತೆ ಅದಕ್ಕೆ.
ಕೇಳಿದ್ದೆ.

ಕಬ್ಬಿಣ, ಚರ್ಮ, ಬಕಲ್ಲು, ಕಪ್ಪು ಬೂಟು,
ಎರಡೂ ಸೇರಿ ನಾಲ್ಕು ಕೆಜಿ ಚಿಲ್ಲರೆ.
ಮಂಡಿಯ ಹತ್ತಿರ ಬೀಗ. ಕಾಲು ನೆಟ್ಟಗಾದರೆ ಟಕ್ಕೆಂದು ಕೂರಬೇಕು.
ಎಡದ್ದೊಂದು ಟಕ್, ಬಲದ್ದೊಂದು;
ಎರಡೂ ಕೇಳಿಸುವ ತನಕ ಏಳುವ ಹಾಗಿಲ್ಲ.
ಮೊದಲ ಪಾಠ ನಡಿಗೆಯದಲ್ಲ, ಬೀಳುವುದು.
ಜೆಸಿಂತಾ ಮೇಡಂ ಚಾಪೆ ಹಾಸಿ
ಹದಿನೇಳು ಸಲ ಬೀಳಿಸಿದರು.
ನನಗಿದ್ದದ್ದು ಒಂದೇ ಸಲದ ಅನುಭವ.

ಸರಳುಗಳ ನಡುವೆ ನಿಂತ ದಿನ,
ಹದಿನಾಲ್ಕು ತಿಂಗಳಾದ ಮೇಲೆ,
ಎದುರಿಗೆ ಸಿಕ್ಕಿದ್ದು ಜನರ ಮುಖ, ಸೊಂಟದ ಬೆಲ್ಟುಗಳಲ್ಲ.
ತಲೆ ಸುತ್ತಿತು.
ಕಿಟಕಿಯಾಚೆ ಬರೀ ಕಾಂಪೌಂಡು ಗೋಡೆ ಅಂದುಕೊಂಡಿದ್ದೆ,
ಗೋಡೆಯ ಮೇಲೆ ಮೆಟ್ರೋ ಓಡುತ್ತಿತ್ತು.

ನೆಲ ಬಂತೆಂದು ಪಾದಕ್ಕೆ ಗೊತ್ತಾಗುವುದಿಲ್ಲ.
ಬಗ್ಗಿ ನೋಡಿದರೆ ಮುಗ್ಗರಿಸುತ್ತೇನೆ.
ಹಾಗಾಗಿ ಕಿವಿಯಿಂದ ನಡೆಯುತ್ತೇನೆ:
ಮೊದಲು ಊರುಗೋಲು ಎರಡು, ಹಿಂದೆಯೇ ಬೂಟು, ಧಪ್.
ಭುಜ ಎತ್ತಿ ಸೊಂಟ ಬೀಸಬೇಕು, ಕಾಲೆಂಬುದು
ಹಿಂದಿನಿಂದ ಬರುವ ಲಗೇಜು.
ಆಯಾ ಸೆಲ್ವಿ ತಮಿಳಲ್ಲಿ ಎಣಿಸುತ್ತಾಳೆ, ಒಣ್ಣು, ರೆಂಡು, ಮೂಣು.
ಗಾರೆ ಕೆಲಸದ ಓಬುಲೇಸು ತನ್ನ ಹಾಸಿಗೆಯಿಂದಲೇ ತೆಲುಗಲ್ಲಿ
ಒಂದು ಹೆಚ್ಚಿಗೆ ಎಣಿಸುತ್ತಾನೆ, ನನ್ನ ಪರವಾಗಿ.
ಅವರ ಜಗಳ ಮುಗಿಯುವಷ್ಟರಲ್ಲಿ
ಒಂಬತ್ತೋ ಹತ್ತೋ.

ಮನೆಯಲ್ಲಿ ಮಂಚದಿಂದ ಮಿಷನ್ನಿಗೆ ಹದಿನಾರು.
ಗಾಲಿ ಕುರ್ಚಿಯಲ್ಲಾದರೆ ಒಂದೇ ತಳ್ಳು.
"ಯಾಕೆ ಈ ಒದ್ದಾಟ ಪಂಕಜಾ?" ಅನ್ನುತ್ತಾರೆ ಅತ್ತಿಗೆ.
ನ್ಯಾಯವಾದ ಮಾತೇ.
ಬೆವರು ಒರೆಸಿಕೊಂಡು ಉತ್ತರ ಹುಡುಕುವಷ್ಟರಲ್ಲಿ
ಒಲೆ ಮೇಲೆ ಹಾಲಿಟ್ಟದ್ದು ನೆನಪಾಗಿ ಓಡಿದರು.
ಎಷ್ಟು ಸಲೀಸಾಗಿ
ಓಡಿದರು.

ಮಿಷನ್ನಿಗೆ ಈಗ ಮೋಟಾರು.
ಪೆಡಲ್ಲನ್ನು ಗುಜರಿಗೆ ಕೊಡಲು ಬಿಟ್ಟಿಲ್ಲ.

ಮೊನ್ನೆ ಬಲದ ಬೂಟು ಬಾಯಿಬಿಟ್ಟಿತು.
ರೈಲ್ವೆ ಸೇತುವೆ ಕೆಳಗೆ ಕೂರುವ ಮುನಿರಾಜಪ್ಪ
ತಿರುಗಿಸಿ ತಿರುಗಿಸಿ ನೋಡಿದ.
"ಮೊನೆ ಮಾತ್ರ ಸವೆದೈತೆ. ಎಳೀತೀರಾ?"
ಎಳೀತೀನಿ.
ಬರೀ ಕುರ್ಚಿಯಲ್ಲಿದ್ದ ಕಾಲಕ್ಕೆ ನನ್ನ ಚಪ್ಪಲಿಗಳು
ಅಂಗಡಿಯಿಂದ ತಂದ ಹಾಗೇ ಇದ್ದವು,
ತಳದ ಬೆಲೆಚೀಟಿ ಕೂಡ ಅಳಿಸದೆ.
"ಒಳ್ಳೇ ಅಟ್ಟೆ ಹಾಕ್ತೀನಿ, ಅರವತ್ತು ರೂಪಾಯಿ,
ಒಂದು ವರ್ಷ ಬರ್ತದೆ."
ಐವತ್ತಕ್ಕೆ ಚೌಕಾಸಿ ಮಾಡಿದೆ,
ನಾಲ್ಕೇ ತಿಂಗಳು ಬಂದರೆ ಸಾಕು ಎಂದೆ.