ಮುನ್ನೂರ ಹನ್ನೆರಡನೆಯ ಪುಟ

ದಪ್ಪ ಪುಸ್ತಕ. ಬೆನ್ನು ಸೀಳಿ ಮೂರು ಪಾಲು ಮಾಡಿದೆವು,
ಅಬ್ಬಾಸಿಯಾದ ಈ ಕೋಣೆಯಲ್ಲಿ ಡ್ಯೂಟಿ ಮೂರು ಥರ.

ಜೆಸಿಂತಾಳಿಗೆ ಯುದ್ಧ ಬೇಡ.
ಡ್ರ್ಯಾಗನ್ ಬಂದರೆ ಪುಟ ಮಗುಚುತ್ತಾಳೆ:
"ಏಳ್ನೂರು ಪುಟ ಕಾಯಿಸಿ ಒಂದೇ ಮುತ್ತಾ?
ಇದಕ್ಕಿಂತ ನನ್ನ ಗಂಡನೇ ವಾಸಿ, ವರ್ಷಕ್ಕೊಂದು ತಿಂಗಳು."

ಮೈಮೂನಾ ನಗುವುದಿಲ್ಲ.
ರಾಣಿಯ ಕಣ್ಣು ಸೇನಾಪತಿಯ ಮೇಲಲ್ಲ,
ಅವನ ತಂಗಿಯ ಮೇಲೆ ಎನ್ನುತ್ತಾಳೆ.
ಎಲ್ಲಿ ಬರೆದಿದೆ ಎಂದರೆ,
"ಬರೆದಿಲ್ಲ. ಅದಕ್ಕೇ ಗೊತ್ತಾಯಿತು."
ಆಮೇಲೆ ಬಹಳ ಹೊತ್ತು ಎಸಿಯದೇ ಸದ್ದು.

ನಾನು ಹುಡುಕಿದ್ದು ಬೇರೆ.
ಆ ರಾಜ್ಯದಲ್ಲಿ ಎಲ್ಲರೂ ಹಾಲುಬಣ್ಣ, ಕುದುರೆಗಳೂ.
ಮುನ್ನೂರ ಹನ್ನೆರಡರಲ್ಲಿ ಸಿಕ್ಕಳು:
ಕಪ್ಪು ಹೆಂಗಸೊಬ್ಬಳು ಗಾಯಾಳುಗಳ ಬಟ್ಟೆ ಒಗೆಯುತ್ತಿದ್ದಳು.
ಒಂದೇ ಸಾಲು.
ಸಾಯುವುದೂ ಇಲ್ಲ ಪಾಪ,
ಬಕೀಟು ಹಿಡಿದು ಪುಟದಿಂದ ಸುಮ್ಮನೆ ಹೋಗುತ್ತಾಳೆ.

ರಾತ್ರಿ ಪಾಳಿ ಮುಗಿಸಿ ಬಂದವಳು
ಯೂನಿಫಾರ್ಮೂ ಬಿಚ್ಚದೆ ಅಂಚಿನಲ್ಲಿ ಪೆನ್ಸಿಲ್ಲಿಂದ
ಹೆಸರಿಟ್ಟೆ: ಕೊರಪೊಳು.
ನನ್ನ ಅಜ್ಜಿಯದು.
ಯಾವ ಶಾಲೆಯ ಹಾಜರಿಯಲ್ಲೂ ಕೂಗದ ಹೆಸರು.

ಆ ಪಾಲು ಕೈ ಬದಲಾಗಿ ತಿರುಗಿ ಬಂದಾಗ
ಕೆಳಗೆ ಜೆಸಿಂತಾಳ ಸೊಟ್ಟ ಅಕ್ಷರ:
"ಇವಳಿಗೆ ಮುತ್ತು ಕೊಡುವುದು ಯಾರು?"

ಮೈಮೂನಾ ಏನೂ ಬರೆದಿಲ್ಲ.
ಪುಟದ ಮೂಲೆ ಮಡಚಿದ್ದಾಳೆ.